ಚಾಟ್ ಎಳೆಯುತ್ತಿತ್ತು, ಅಟ್ಯಾಚ್‌ಮೆಂಟ್ ನಿಲ್ಲುತ್ತಿತ್ತು: ಒಂದೇ ಡಯಲ್-ಅಪ್ ಲೈನಿನ ಪ್ಯಾಕೆಟ್ ಸೈಜ್ ಪ್ರಕರಣ

ಮಲೆನಾಡಿನ ಒಂದು ತಾಲ್ಲೂಕು ಕೇಂದ್ರ, 2001ರ ಮುಂಗಾರು. ಎಸ್‌ಟಿಡಿ ಬೂತು, ಜೆರಾಕ್ಸು, ಡಿಟಿಪಿ ನಡೆಸುತ್ತಿದ್ದವರೊಬ್ಬರು ಪಕ್ಕದ ಕೋಣೆಗೆ ನಾಲ್ಕು ಕಂಪ್ಯೂಟರ್ ತಂದಿಟ್ಟು ಸೈಬರ್ ಸೆಂಟರ್ ಶುರು ಮಾಡಿದ್ದರು. ಊರು, ಅಂಗಡಿ, ಇಂಟರ್ನೆಟ್ ಕೊಡುತ್ತಿದ್ದ ಸಂಸ್ಥೆ, ಬಳಸಿದ ತಂತ್ರಾಂಶ ಯಾವುದರ ಹೆಸರನ್ನೂ ಇಲ್ಲಿ ಹೇಳಿಲ್ಲ. ಸೆಟ್ಟಿಂಗುಗಳು ಮತ್ತು ಲೆಕ್ಕ ಮಾತ್ರ ಇದ್ದ ಹಾಗೇ ಇವೆ.

ಇದ್ದದ್ದು ಒಂದೇ ಫೋನ್ ಲೈನು. ಬಾಗಿಲ ಪಕ್ಕದ ಕಂಪ್ಯೂಟರಿಗೆ ಹೊರಗಿನಿಂದ ಜೋಡಿಸುವ 56ಕೆ ಮೋಡೆಮ್. ಅದು ಡಯಲ್ ಮಾಡಿ ಸಂಪರ್ಕ ಪಡೆದರೆ, ವಿಳಾಸ ಬದಲಿಸಿ ಹಂಚುವ ತಂತ್ರಾಂಶವೊಂದು 10 ಮೆಗಾಬಿಟ್ಟಿನ ಹಬ್ (ಕಂಪ್ಯೂಟರುಗಳನ್ನು ತಂತಿಯಲ್ಲಿ ಜೋಡಿಸುವ ಪೆಟ್ಟಿಗೆ) ಮೂಲಕ ಉಳಿದ ಮೂರಕ್ಕೂ ಇಂಟರ್ನೆಟ್ ಕೊಡುತ್ತಿತ್ತು. ನಾಲ್ಕರಲ್ಲೂ ವಿಂಡೋಸ್ 98 ಸೆಕೆಂಡ್ ಎಡಿಷನ್. ಬರುತ್ತಿದ್ದವರಲ್ಲಿ ಹೆಚ್ಚಿನವರು ಬಯೋಡೇಟಾ ಕಳಿಸುವ ಹುಡುಗರು, ಸಿಇಟಿ ಕೌನ್ಸೆಲಿಂಗ್ ವಿವರ ನೋಡುವ ವಿದ್ಯಾರ್ಥಿಗಳು, ವಿದೇಶದಲ್ಲಿರುವ ಮಗ ಸೊಸೆಯ ಜೊತೆ ಯಾಹೂ ಮೆಸೆಂಜರಿನಲ್ಲಿ ಮಾತಾಡುವ ಹಿರಿಯರು.

ದೂರುಗಳು ಎರಡು. ಒಂದು, ಯಾರಾದರೂ ಒಬ್ಬರು ಫೈಲ್ ಇಳಿಸಲು ಶುರುಮಾಡಿದರೆ ಉಳಿದವರ ಚಾಟ್ ನಿಂತು ನಿಂತು ಹೋಗುತ್ತಿತ್ತು. ಇನ್ನೊಂದು, "ಅಣ್ಣಾ, ಮೇಲ್ ಓಪನ್ ಆಗ್ತದೆ, ಬಯೋಡೇಟಾ ಮಾತ್ರ ಅಟ್ಯಾಚ್ ಆಗ್ತಿಲ್ಲ." ಲಾಗಿನ್ ಆಗುತ್ತಿತ್ತು, ಬಂದ ಪತ್ರ ಓದಬಹುದಿತ್ತು, ನಾಲ್ಕು ಸಾಲು ಬರೆದು ಕಳಿಸಿದರೆ ಹೋಗುತ್ತಿತ್ತು. 60 ಕೆಬಿಯ ಫೈಲ್ ಅಂಟಿಸಿದರೆ ಮಾತ್ರ ಪರದೆ ಹಾಗೇ ನಿಂತುಬಿಡುತ್ತಿತ್ತು. ಬಾಗಿಲ ಪಕ್ಕದ ಕಂಪ್ಯೂಟರಿನಲ್ಲಿ ಕೂತು ಕಳಿಸಿದರೆ ಅದೇ ಫೈಲ್ ಹೋಗುತ್ತಿತ್ತು. ಈ ಕೊನೆಯ ಸಂಗತಿಯೇ ಮುಂದೆ ಗಂಟು ಬಿಡಿಸಿತು, ಆದರೆ ಮೊದಲ ವಾರ ಯಾರೂ ಅದಕ್ಕೆ ಬೆಲೆ ಕೊಡಲಿಲ್ಲ. "ಲೈನು ಸರಿ ಇಲ್ಲ" ಎಂಬ ಒಂದೇ ಮಾತಿನಲ್ಲಿ ಎರಡೂ ದೂರು ಕೂಡಿಹೋಗಿದ್ದವು.

ಮೊದಲು ಲೈನು

ಲೈನಿನ ತಪ್ಪು ಇದ್ದದ್ದೂ ನಿಜ. ಅಂಗಡಿಯ ಫೋನಿಗೆ ಸಮಾನಾಂತರವಾಗಿ ಮನೆಯೊಳಗೆ ಇನ್ನೊಂದು ಉಪಕರಣ ಜೋಡಿಸಿದ್ದರು. ಅದನ್ನು ಎತ್ತಿದಾಗಲೆಲ್ಲ ಮೋಡೆಮ್ ಕಡಿದುಕೊಳ್ಳುತ್ತಿತ್ತು. ಮಾಡಿನ ಕೆಳಗಿನ ಜಾಯಿಂಟ್ ಹಸಿರುಗಟ್ಟಿತ್ತು. ಎರಡನ್ನೂ ಸರಿಮಾಡಿದ ಮೇಲೆ ಸಂಪರ್ಕದ ವೇಗ 26,400ರಿಂದ 28,800ಕ್ಕೆ ಏರಿ ನಿಂತಿತು. 56ಕೆ ಎಂದು ಬರೆದಿದ್ದರೂ ಅದರ ಮೇಲೆ ಹೋಗಲಿಲ್ಲ. ವಿ.90 ಪದ್ಧತಿಗೆ ಆಚೆ ತುದಿಯಿಂದ ಇಲ್ಲಿಯವರೆಗೆ ಡಿಜಿಟಲ್‌ನಿಂದ ಅನಲಾಗ್‌ಗೆ ಒಂದೇ ಪರಿವರ್ತನೆ ಇರಬೇಕು. ಹೆಚ್ಚಾದರೆ ಮೋಡೆಮ್ ಹಳೆಯ ವಿ.34ಕ್ಕೆ ಇಳಿಯುತ್ತದೆ, ಅಲ್ಲಿ ಮಿತಿ 33,600. ಯಾವ ಸೆಟ್ಟಿಂಗೂ ಇದನ್ನು ದಾಟಿಸಲಾರದು.

ಪರದೆಯ ಮೂಲೆಯಲ್ಲಿ 1,15,200 ಎಂದು ತೋರಿಸುತ್ತಿದ್ದುದನ್ನು ನೋಡಿ ಮಾಲೀಕರು ಲೈನೇ ಅಷ್ಟು ವೇಗದ್ದು ಅಂದುಕೊಂಡಿದ್ದರು. ಅದು ಕಂಪ್ಯೂಟರಿನಿಂದ ಮೋಡೆಮಿಗೆ ಹೋಗುವ ಕೇಬಲ್ಲಿನ ವೇಗ. ಮೋಡೆಮಿನ ಆರಂಭದ ಆದೇಶಕ್ಕೆ ಡಬ್ಲ್ಯೂ2 ಸೇರಿಸಿದ ಮೇಲೆ ನಿಜವಾದ 28,800 ಕಾಣಿಸಿತು. ಮೋಡೆಮಿನ ಲಾಗ್ ಕಡತದಲ್ಲಿ ದೋಷ ತಿದ್ದುವ ವಿ.42 ನಡೆಯುತ್ತಿದೆ ಎಂಬುದೂ ಖಾತ್ರಿಯಾಯಿತು. ಸಿಸ್ಟಮ್ ಮಾನಿಟರಿನಲ್ಲಿ ಡಯಲ್-ಅಪ್ ಅಡಾಪ್ಟರಿನ ಸಿಆರ್‌ಸಿ ದೋಷ (ಕೆಟ್ಟು ಬಂದ ದತ್ತಾಂಶ) ಮತ್ತು ಓವರ್‌ರನ್ (ಓದಿಕೊಳ್ಳುವ ಮೊದಲೇ ತುಂಬಿ ಚೆಲ್ಲಿದ್ದು) ಎಣಿಕೆಗಳು ಅರ್ಧ ಗಂಟೆ ಸೊನ್ನೆಯಲ್ಲೇ ನಿಂತವು.

ವಿ.42 ಇದೆಯೋ ಇಲ್ಲವೋ ಎಂಬುದನ್ನು ಪ್ಯಾಕೆಟ್ ಸೈಜಿಗೆ, ಅಂದರೆ ದತ್ತಾಂಶ ಕಟ್ಟಿ ಕಳಿಸುವ ಒಂದೊಂದು ಮೂಟೆಯ ಗಾತ್ರಕ್ಕೆ, ಕೈಹಾಕುವ ಮೊದಲೇ ನೋಡಿಕೊಳ್ಳಬೇಕು. ಗದ್ದಲದ ಲೈನಿನಲ್ಲಿ ಪ್ಯಾಕೆಟ್ ಚಿಕ್ಕದಿದ್ದರೆ ಒಳ್ಳೆಯದು ಎಂಬ ಮಾತು ವಿ.42 ಇಲ್ಲದಾಗ ಸತ್ಯ. ಲಕ್ಷ ಬಿಟ್ಟಿಗೊಂದು ಕೆಡುವ ಲೈನಿನಲ್ಲಿ 1500 ಬೈಟಿನ ಪ್ಯಾಕೆಟ್ಟುಗಳಲ್ಲಿ ನೂರಕ್ಕೆ ಸುಮಾರು 11 ಹಾಳಾಗುತ್ತವೆ, 576 ಬೈಟಿನವುಗಳಲ್ಲಿ 4ರಿಂದ 5. ವಿ.42 ನಡೆಯುತ್ತಿದ್ದರೆ ಮೋಡೆಮೇ ದತ್ತಾಂಶವನ್ನು ಸಾಮಾನ್ಯವಾಗಿ 128 ಬೈಟಿನ ತುಂಡುಗಳಾಗಿ ಕತ್ತರಿಸಿ, ಕೆಟ್ಟ ತುಂಡನ್ನಷ್ಟೇ ಮತ್ತೆ ತರಿಸಿಕೊಳ್ಳುತ್ತದೆ. ಆಗ ಮೇಲಿನ ಪ್ಯಾಕೆಟ್ ಎಷ್ಟು ದೊಡ್ಡದು ಎಂಬುದು ಗದ್ದಲದ ಮಟ್ಟಿಗೆ ಲೆಕ್ಕಕ್ಕೇ ಬರುವುದಿಲ್ಲ. ಇಲ್ಲಿ ವಿ.42 ಇತ್ತು, ಹಾಗಾಗಿ ಆ ಕಾರಣ ಬಿದ್ದುಹೋಯಿತು.

ಲೈನು ಶುದ್ಧವಾಯಿತು, ಸಂಪರ್ಕ ಕಡಿಯುವುದು ನಿಂತಿತು. ಆದರೆ ಎರಡು ದೂರುಗಳೂ ಹಾಗೇ ಉಳಿದವು.

ವೇಗ ಹೆಚ್ಚಿಸುವ ತಂತ್ರಾಂಶ

ಆಗ ಮಾಲೀಕರು ಪತ್ರಿಕೆಯೊಂದರ ಜೊತೆ ಬಂದ ಸಿಡಿಯಲ್ಲಿದ್ದ, ಇಂಟರ್ನೆಟ್ ವೇಗ ಹೆಚ್ಚಿಸುತ್ತೇನೆ ಎನ್ನುವ ಸಣ್ಣ ತಂತ್ರಾಂಶವನ್ನು ನಾಲ್ಕೂ ಕಂಪ್ಯೂಟರಿನಲ್ಲಿ ಓಡಿಸಿದರು. ಮೋಡೆಮ್ ಎಂದು ಆರಿಸಿದರೆ ಅದು ಎರಡು ಕೆಲಸ ಮಾಡುತ್ತಿತ್ತು. ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರವನ್ನು 576ಕ್ಕೆ ಇಳಿಸುತ್ತಿತ್ತು. ರಿಸೀವ್ ವಿಂಡೋ, ಅಂದರೆ ರಸೀದಿ ಕೊಡದೆ ಎಷ್ಟು ಬೈಟ್ ಬರಬಹುದು ಎಂಬ ಮಿತಿಯನ್ನು 2144ಕ್ಕೆ ಇಡುತ್ತಿತ್ತು. 576ರಲ್ಲಿ ಐಪಿ ಮತ್ತು ಟಿಸಿಪಿ ಹೆಡರುಗಳ (ಪ್ಯಾಕೆಟ್ಟಿನ ಮುಂದೆ ಅಂಟುವ ವಿಳಾಸ, ಲೆಕ್ಕದ ಚೀಟಿಗಳ) 40 ಬೈಟ್ ಕಳೆದರೆ 536, ಅದರ ನಾಲ್ಕರಷ್ಟು 2144.

ಮರುದಿನ ಅಟ್ಯಾಚ್‌ಮೆಂಟ್ ಹೋಗತೊಡಗಿತು. ಚಾಟ್ ಹಗುರಾಯಿತು. ಆದರೆ ಒಂದೇ ಫೈಲ್ ಇಳಿಸುವವರು, ಮೊದಲು ಐದು ನಿಮಿಷಕ್ಕೆ ಬರುತ್ತಿದ್ದ ಒಂದು ಎಂಬಿ ಈಗ ಆರೂವರೆ ನಿಮಿಷ ಹಿಡಿಯುತ್ತಿದೆ ಎಂದು ಜಗಳಕ್ಕೆ ನಿಂತರು. ನಿಮಿಷದ ಲೆಕ್ಕದಲ್ಲಿ ದುಡ್ಡು ಕೊಡುವವರಿಗೆ ಅದು ಸಣ್ಣ ಮಾತಲ್ಲ. ಮಾಲೀಕರು ತಂತ್ರಾಂಶ ತೆಗೆದು ಎಲ್ಲವನ್ನೂ ಮೊದಲಿನಂತೆ ಮಾಡಿದರು. ಡೌನ್‌ಲೋಡ್ ಸರಿಹೋಯಿತು, ಅಟ್ಯಾಚ್‌ಮೆಂಟ್ ಮತ್ತೆ ನಿಂತಿತು.

ಇಲ್ಲಿಂದ ಮುಂದಿನ ನಿರ್ಧಾರವೇ ಪ್ರಕರಣವನ್ನು ತಿರುಗಿಸಿದ್ದು. ಕೆಲಸಕ್ಕೆ ಕರೆಸಿದ ತಂತ್ರಜ್ಞರು ಹಾಕಿದ ಷರತ್ತು ಒಂದೇ: ಒಂದು ಸಲಕ್ಕೆ ಒಂದೇ ಸೆಟ್ಟಿಂಗ್, ಒಂದೇ ಕಂಪ್ಯೂಟರಿನಲ್ಲಿ, ಬದಲಾಯಿಸುವ ಮೊದಲು ರಿಜಿಸ್ಟ್ರಿಯ (ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಇಟ್ಟುಕೊಳ್ಳುವ ಸಂಗ್ರಹ) ಆ ಭಾಗದ ನಕಲನ್ನು ಒಂದು ಕಡತದಲ್ಲಿ ಉಳಿಸಿಕೊಳ್ಳಬೇಕು. ವಿಂಡೋಸ್ 98ರಲ್ಲಿ ಪ್ರತಿ ಬದಲಾವಣೆಗೂ ಕಂಪ್ಯೂಟರ್ ಮರುಚಾಲನೆ ಆಗಬೇಕು. ಬೇಸರದ ಕೆಲಸ, ಆದರೂ ಅಂಗಡಿ ಮುಚ್ಚಿದ ಮೇಲೆ ಮೂರು ರಾತ್ರಿ ಹಾಗೆಯೇ ಮಾಡಿದರು.

ಅಟ್ಯಾಚ್‌ಮೆಂಟ್ ಯಾಕೆ ನಿಂತಿತು

ಮೊದಲ ರಾತ್ರಿ ಗೊತ್ತಾದದ್ದು: ಮೋಡೆಮ್ ಇರುವ ಕಂಪ್ಯೂಟರಿಗೆ ಆ ತಂತ್ರಾಂಶ ಎಂಟಿಯು ವಿಷಯದಲ್ಲಿ ಏನನ್ನೂ ಮಾಡಿರಲಿಲ್ಲ. ಡಯಲ್-ಅಪ್ ಅಡಾಪ್ಟರಿನ ಪ್ರಾಪರ್ಟೀಸ್, ಅಡ್ವಾನ್ಸ್‌ಡ್, ಐಪಿ ಪ್ಯಾಕೆಟ್ ಸೈಜ್ ಎಂಬಲ್ಲಿ ವಿಂಡೋಸ್ 98 ನಾಲ್ಕು ಆಯ್ಕೆ ಕೊಡುತ್ತದೆ: ಆಟೋಮ್ಯಾಟಿಕ್, ಸ್ಮಾಲ್ (576), ಮೀಡಿಯಮ್ (1000), ಲಾರ್ಜ್ (1500). ಆಟೋಮ್ಯಾಟಿಕ್ ಇದ್ದರೆ, ಸಂಪರ್ಕ 128 ಕಿಲೋಬಿಟ್ಟಿಗಿಂತ ಕಡಿಮೆ ಎಂದು ಕಂಡಾಗ ಅದು ತಾನೇ 576 ಹಿಡಿಯುತ್ತದೆ. 28,800 ಇರಲಿ, ತಪ್ಪಾಗಿ ತೋರುವ 1,15,200 ಇರಲಿ, ಎರಡೂ 128ರ ಕೆಳಗೇ. ವಿಂಡೋಸ್ 95ರಲ್ಲಿ ಪೂರ್ವನಿಯೋಜಿತ ಗಾತ್ರ 1500 ಆಗಿತ್ತು. 576 ಮಾಡಿ ಎಂಬ ಸಲಹೆ ಆ ಕಾಲದ್ದು, 98 ಬಂದ ಮೇಲೂ ಬಾಯಿಂದ ಬಾಯಿಗೆ ಉಳಿದುಕೊಂಡಿತು.

ಒಳಗಿನ ಮೂರು ಕಂಪ್ಯೂಟರುಗಳ ಕಥೆ ಬೇರೆ. ಅವಕ್ಕೆ ಕಾಣುವುದು ಹಬ್ಬು ಮಾತ್ರ. ಈಥರ್ನೆಟ್ಟಿನ ಗಾತ್ರ 1500, ಅವು ಹಾಗೆಯೇ ತುಂಬಿ ಕಳಿಸುತ್ತವೆ, ಜೊತೆಗೆ ಇದನ್ನು ಒಡೆಯಬೇಡಿ ಎಂಬ ಗುರುತನ್ನೂ ಹಾಕುತ್ತವೆ. ಬಾಗಿಲ ಕಂಪ್ಯೂಟರಿನ ಹೊರದಾರಿ 576. ಒಡೆಯುವಂತಿಲ್ಲ, ಹಾಗೇ ಕಳಿಸುವಂತೆಯೂ ಇಲ್ಲ. ಇಂಥ ಕಡೆ "ನನ್ನ ದಾರಿ ಇಷ್ಟೇ ಅಗಲ" ಎಂಬ ಐಸಿಎಂಪಿ ಸಂದೇಶ ಹಿಂದಕ್ಕೆ ಹೋಗಬೇಕು, ಒಳಗಿನ ಕಂಪ್ಯೂಟರ್ ಅದನ್ನು ಕೇಳಿ ಗಾತ್ರ ಇಳಿಸಿಕೊಳ್ಳಬೇಕು. ಇಲ್ಲಿ ಆ ಸಂದೇಶ ಒಳಗೆ ತಲುಪುತ್ತಿರಲಿಲ್ಲ. ಕಂಪ್ಯೂಟರ್ ಅದೇ ದೊಡ್ಡ ಪ್ಯಾಕೆಟ್ಟನ್ನು ಮತ್ತೆ ಮತ್ತೆ ಕಳಿಸುತ್ತ ಕೂರುತ್ತಿತ್ತು. ಲಾಗಿನ್, ನಾಲ್ಕು ಸಾಲಿನ ಪತ್ರ ಇವೆಲ್ಲ ಚಿಕ್ಕ ಪ್ಯಾಕೆಟ್ಟಿನಲ್ಲಿ ಹಿಡಿಯುತ್ತವೆ, ಅದಕ್ಕೇ ಅವು ಹೋಗುತ್ತಿದ್ದವು.

ಇದನ್ನು ಊಹೆಯಾಗಿ ಬಿಡದೆ ಮೂರು ಪಿಂಗ್‌ಗಳಲ್ಲಿ ಖಚಿತ ಮಾಡಿಕೊಂಡರು. ಪಿಂಗ್ ಎಂದರೆ ಆಚೆಯ ಕಂಪ್ಯೂಟರಿಗೆ ಒಂದು ಪ್ಯಾಕೆಟ್ ಕಳಿಸಿ ಉತ್ತರ ಬರುವುದನ್ನು ನೋಡುವ ಆದೇಶ; "-ಎಫ್" ಎಂದರೆ ಒಡೆಯಬೇಡಿ, "-ಎಲ್" ಎಂದರೆ ಗಾತ್ರ. ಒಳಗಿನ ಕಂಪ್ಯೂಟರಿನಿಂದ "ಪಿಂಗ್ -ಎಫ್ -ಎಲ್ 548" ಕೊಟ್ಟು ಹೊರಗಿನ ಸರ್ವರ್ ಮುಟ್ಟಿದರೆ ಉತ್ತರ ಬಂತು. 548ಕ್ಕೆ 28 ಬೈಟಿನ ಹೆಡರ್ ಸೇರಿದರೆ 576. "-ಎಫ್ -ಎಲ್ 1472" ಕೊಟ್ಟರೆ, ಒಡೆಯಬೇಕಾಗಿದೆ ಎಂಬ ತಿಳಿಗನ್ನಡಿಯಂಥ ಸಂದೇಶ ಬರಬೇಕಿತ್ತು. ಬಂದದ್ದು ಕಾಲಾವಧಿ ಮುಗಿಯಿತು ಎಂಬ ಸಾಲು ಮಾತ್ರ. "-ಎಫ್" ತೆಗೆದು 1472 ಕೊಟ್ಟರೆ ಮತ್ತೆ ಉತ್ತರ ಬಂತು, ಯಾಕೆಂದರೆ ಈಗ ಒಡೆಯಲು ಅನುಮತಿ ಇದೆ. ಮೂರೂ ಸೇರಿದರೆ ಬೇರೆ ಸಾಕ್ಷಿ ಬೇಕಿಲ್ಲ.

ಎರಡು ದಾರಿ ಇದ್ದವು. ಬಾಗಿಲ ಕಂಪ್ಯೂಟರಿನಲ್ಲಿ ಲಾರ್ಜ್ ಆರಿಸಿ ಎಲ್ಲ ಕಡೆ 1500 ಮಾಡುವುದು, ಅಥವಾ ಒಳಗಿನ ಮೂರನ್ನೂ 576ಕ್ಕೆ ಇಳಿಸುವುದು. ಮೊದಲನೆಯದು ಎರಡು ಕ್ಲಿಕ್ಕಿನ ಕೆಲಸ. ಪರೀಕ್ಷಿಸಿದಾಗ ಅದರಲ್ಲೂ ಅಟ್ಯಾಚ್‌ಮೆಂಟ್ ಹೋಯಿತು. ಆ ರಾತ್ರಿ ಅದನ್ನೇ ಉಳಿಸಿ ಮನೆಗೆ ಹೋದರು. ಬೇರೆಯದನ್ನು ಆರಿಸಿದ್ದು ಮೂರನೆಯ ರಾತ್ರಿ, ಚಾಟ್‌ನ ಲೆಕ್ಕ ಕೈಗೆ ಸಿಕ್ಕ ಮೇಲೆ.

(ಹಂಚುವ ತಂತ್ರಾಂಶ ಪ್ರಾಕ್ಸಿ ಮಾದರಿಯದಾಗಿದ್ದರೆ ಈ ತೊಡಕು ಹುಟ್ಟುತ್ತಲೇ ಇರಲಿಲ್ಲ. ಪ್ರಾಕ್ಸಿಯಲ್ಲಿ ಹೊರಗಿನ ಟಿಸಿಪಿ ಸಂಪರ್ಕ ಬಾಗಿಲ ಕಂಪ್ಯೂಟರಿನದೇ ಆಗಿರುತ್ತದೆ, ಲೈನಿನ ಮೇಲೆ ನಡೆಯುವುದು ಅದರ ಸೆಟ್ಟಿಂಗ್ ಮಾತ್ರ. ವಿಳಾಸ ಬದಲಿಸುವ ಮಾದರಿಯಲ್ಲಿ ಪ್ರತಿ ಒಳ ಕಂಪ್ಯೂಟರ್ ತಾನೇ ದೂರದ ಸರ್ವರಿನ ಜೊತೆ ಮಾತಾಡುತ್ತದೆ. ಯಾವ ಯಂತ್ರದ ಸೆಟ್ಟಿಂಗ್ ಮುಟ್ಟಬೇಕು ಎಂಬುದು ಇದರಿಂದಲೇ ತೀರ್ಮಾನವಾಗುತ್ತದೆ.)

ಚಾಟ್ ಯಾಕೆ ಎಳೆಯುತ್ತಿತ್ತು

28,800 ಬಿಟ್ ಎಂದರೆ ಸೆಕೆಂಡಿಗೆ ಹೆಚ್ಚೆಂದರೆ 3600 ಬೈಟ್. 1500 ಬೈಟಿನ ಒಂದು ಪ್ಯಾಕೆಟ್ ಲೈನನ್ನು 417 ಮಿಲಿಸೆಕೆಂಡ್ ಹಿಡಿಯುತ್ತದೆ, 576 ಬೈಟಿನದು 160. ಚಾಟ್‌ನ ಅಕ್ಷರ ದೊಡ್ಡ ಪ್ಯಾಕೆಟ್ಟಿನ ಹಿಂದೆ ಸಿಕ್ಕಿಕೊಳ್ಳುತ್ತದೆ ಎಂಬ ವಿವರಣೆ ಎಲ್ಲರ ಬಾಯಲ್ಲೂ ಇತ್ತು. ಆದರೆ ಹಿರಿಯರು ಅನುಭವಿಸುತ್ತಿದ್ದದ್ದು ಅರ್ಧ ಸೆಕೆಂಡಿನ ತಡವಲ್ಲ, ಐದಾರು ಸೆಕೆಂಡಿನ ತಡ. ಒಂದು ಪ್ಯಾಕೆಟ್ಟಿನಿಂದ ಅಷ್ಟು ಆಗುವಂತಿಲ್ಲ.

ಎರಡನೆಯ ರಾತ್ರಿ ಒಂದು ಕಂಪ್ಯೂಟರಿನಲ್ಲಿ ದೂರದ ಸರ್ವರಿಗೆ ಪಿಂಗ್ ಬಿಟ್ಟು, ಇನ್ನೊಂದರಲ್ಲಿ ಫೈಲ್ ಇಳಿಸಲು ಶುರುಮಾಡಿದರು. ಪಿಂಗ್ ಕಾಯುವ ಅವಧಿಯನ್ನು "-ಡಬ್ಲ್ಯೂ 10000" ಎಂದು ಹತ್ತು ಸೆಕೆಂಡಿಗೆ ಏರಿಸಿಕೊಳ್ಳದಿದ್ದರೆ ಇದು ಕಾಣುವುದೇ ಇಲ್ಲ, ಬರೀ ಕಾಲಾವಧಿ ಮುಗಿದ ಸಾಲುಗಳು ಬರುತ್ತವೆ. ಲೈನು ಖಾಲಿ ಇದ್ದಾಗ ಹೋಗಿ ಬರಲು 800 ಮಿಲಿಸೆಕೆಂಡಿನ ಆಸುಪಾಸು. ಒಂದು ಡೌನ್‌ಲೋಡ್ ನಡೆಯುವಾಗ ಎರಡೂಕಾಲು ಸೆಕೆಂಡು. ಮೂರು ನಡೆಯುವಾಗ ಆರು ಸೆಕೆಂಡನ್ನೂ ಮೀರಿತು.

ಲೆಕ್ಕ ಕೂಡಲೇ ಹೊಂದಿತು. ವಿಂಡೋಸ್ 98ರ ಪೂರ್ವನಿಯೋಜಿತ ರಿಸೀವ್ ವಿಂಡೋ 8192 ಬೈಟ್. ಅಂದರೆ ದೂರದ ಸರ್ವರ್ 8192 ಬೈಟನ್ನು ಒಟ್ಟಿಗೆ ದಾರಿಗೆ ಬಿಡಬಹುದು. ಆದರೆ ದಾರಿಯಲ್ಲಿ ಹಿಡಿಯುವುದು 3600 ಬೈಟ್ ಗುಣಿಸು 0.8 ಸೆಕೆಂಡ್, 2880 ಬೈಟ್ ಮಾತ್ರ. ಮಿಕ್ಕ ಐದು ಸಾವಿರ ಚಿಲ್ಲರೆ ಬೈಟ್ ಸಂಪರ್ಕ ಕೊಡುವವರ ಕಡೆಯ ಮೋಡೆಮಿನ ಮುಂದೆ ಸಾಲುಗಟ್ಟಿ ನಿಲ್ಲುತ್ತದೆ. 8192ನ್ನು 3600ರಿಂದ ಭಾಗಿಸಿದರೆ 2.28 ಸೆಕೆಂಡ್. ಮೂರು ಡೌನ್‌ಲೋಡಿಗೆ 24,576 ಬೈಟ್, 6.8 ಸೆಕೆಂಡ್. ಚಾಟ್‌ನ ಅಕ್ಷರ ಕಾಯುತ್ತಿದ್ದದ್ದು ಈ ಇಡೀ ಸಾಲಿನ ಹಿಂದೆ. ಸಾಲಿನಲ್ಲಿ ನಿಂತ ಮೂಟೆಗಳು ದೊಡ್ಡವೋ ಚಿಕ್ಕವೋ ಎಂಬುದರಿಂದ ಸಾಲಿನ ಒಟ್ಟು ತೂಕ ಬದಲಾಗುವುದಿಲ್ಲ. ಚಾಟ್ ಹಗುರಾದದ್ದು 576ರಿಂದಲ್ಲ, 2144ರಿಂದ.

ಡೌನ್‌ಲೋಡ್ ನಿಧಾನವಾದದ್ದೂ ಅದೇ 2144ರಿಂದ. 800 ಮಿಲಿಸೆಕೆಂಡಿಗೊಮ್ಮೆ 2144 ಬೈಟ್ ಮಾತ್ರ ಬರುವುದಾದರೆ ಸೆಕೆಂಡಿಗೆ 2680. ಲೈನಿಗೆ ತಾಕತ್ತಿದ್ದೂ ಒಂದಷ್ಟು ಹೊತ್ತು ಖಾಲಿ ಕೂರುತ್ತದೆ. ಒಂದು ಎಂಬಿಗೆ 391 ಸೆಕೆಂಡ್, ಗಿರಾಕಿಗಳು ಹೇಳಿದ ಆರೂವರೆ ನಿಮಿಷ ಅದೇ. ಸರ್ವರ್ 300 ಮಿಲಿಸೆಕೆಂಡ್ ದೂರದಲ್ಲಿರುವವರಿಗೆ 28,800ರ ಲೈನಿನಲ್ಲಿ 1080 ಬೈಟ್ ಸಾಕು, 2144 ಧಾರಾಳ. ಸಾಗರದಾಚೆಯ ಸರ್ವರಿನಿಂದ ಇಳಿಸುವ ಮಲೆನಾಡಿನ ಅಂಗಡಿಗೆ ಆ ಅಂಕಿ ಹೊಂದದು. ಸಿದ್ಧ ಅಂಕಿಯನ್ನು ಕಣ್ಣುಮುಚ್ಚಿ ಹಾಕಬಾರದು ಎನ್ನುವುದು ಇದಕ್ಕೇ. ತನ್ನ ಲೈನಿನ ವೇಗ, ತನ್ನ ಹೋಗಿ ಬರುವ ಸಮಯ, ಎರಡನ್ನೂ ಗುಣಿಸಿ ನೋಡಲು ಒಂದು ನಿಮಿಷ ಸಾಕು.

ಮೂರನೆಯ ರಾತ್ರಿಯ ಆಯ್ಕೆ

ವಿಂಡೋ 2880ಕ್ಕಿಂತ ಸ್ವಲ್ಪ ಮೇಲಿರಬೇಕು, 8192ಕ್ಕಿಂತ ಬಹಳ ಕೆಳಗಿರಬೇಕು. 1500ರ ದಾರಿಯಲ್ಲಿ ಇದಕ್ಕೆ ಹೊಂದುವುದು 1460ರ ಮೂರರಷ್ಟು, 4380. 576ರ ದಾರಿಯಲ್ಲಿ 536ರ ಎಂಟರಷ್ಟು, 4288. ಬೈಟಿನಲ್ಲಿ ಎರಡೂ ಒಂದೇ ಸುಮಾರು. ವ್ಯತ್ಯಾಸ ಕಾಣುವುದು ದಾರಿಯಲ್ಲಿ ಒಂದು ಪ್ಯಾಕೆಟ್ ಕಳೆದುಹೋದಾಗ. ಕಳೆದದ್ದರ ನಂತರದವು ತಲುಪಿದಾಗಲೆಲ್ಲ ಸ್ವೀಕರಿಸುವವನು ಹಳೆಯ ರಸೀದಿಯನ್ನೇ ಮತ್ತೆ ಕಳಿಸುತ್ತಾನೆ. ಅಂಥ ಮೂರು ನಕಲು ರಸೀದಿ ಕಂಡರೆ ಸರ್ವರ್ ಕಾಯದೆ ಕಳೆದದ್ದನ್ನು ಕೂಡಲೇ ಕಳಿಸುತ್ತದೆ. ವಿಂಡೋದಲ್ಲಿ ಇರುವುದೇ ಮೂರು ಪ್ಯಾಕೆಟ್ ಆದರೆ, ಒಂದು ಕಳೆದ ಮೇಲೆ ಮೂರು ನಕಲು ಹುಟ್ಟುವುದೇ ಇಲ್ಲ. ಆಗ ಸರ್ವರ್ ತನ್ನ ಗಡಿಯಾರ ಮುಗಿಯುವವರೆಗೆ ಸುಮ್ಮನಿರುತ್ತದೆ, ಇಷ್ಟು ದೂರದ ಹಾದಿಯಲ್ಲಿ ಅದು ಎರಡು ಮೂರು ಸೆಕೆಂಡ್ ಆಗಬಹುದು. ಎಂಟು ಚಿಕ್ಕ ಪ್ಯಾಕೆಟ್ ಇದ್ದರೆ ಹಿಂದೆ ಏಳು ಇರುತ್ತವೆ. 28,800ರ ಲೈನಿನಲ್ಲಿ ಚಿಕ್ಕ ಪ್ಯಾಕೆಟ್ಟಿಗೆ ಇರುವ ಗಟ್ಟಿ ಕಾರಣ ಇದು. ವೇಗದ ಹೆಸರಿನಲ್ಲಿ 576ನ್ನು ಹೊಗಳುವವರು ಇದನ್ನು ಹೇಳುವುದು ಕಡಿಮೆ.

576ಕ್ಕೆ ಬೆಲೆಯೂ ಇದೆ. ಹೆಡರಿನ 40 ಬೈಟ್ 1500ರಲ್ಲಿ ಶೇ 2.7, 576ರಲ್ಲಿ ಶೇ 6.9. ಒಂದು ಎಂಬಿಗೆ 299 ಸೆಕೆಂಡಿನ ಬದಲು 313. ಐದು ನಿಮಿಷದಲ್ಲಿ 14 ಸೆಕೆಂಡ್. ಡಯಲ್-ಅಪ್ ಸಂಪರ್ಕದ ಟಿಸಿಪಿ/ಐಪಿ ಸೆಟ್ಟಿಂಗ್ಸ್‌ನಲ್ಲಿ ಐಪಿ ಹೆಡರ್ ಕಂಪ್ರೆಷನ್ ಗುರುತು ಹಾಕಿದ್ದರೆ, ಆಚೆ ತುದಿಯೂ ಒಪ್ಪಿದರೆ, ಆ 40 ಬೈಟ್ ಬಹುಪಾಲು ಪ್ಯಾಕೆಟ್ಟಿನಲ್ಲಿ ಮೂರರಿಂದ ಐದು ಬೈಟಿಗೆ ಇಳಿಯುತ್ತದೆ. ಇಲ್ಲಿ ಯಾರೋ ಆ ಗುರುತನ್ನು ತೆಗೆದಿದ್ದರು. ಮತ್ತೆ ಹಾಕಿದರು.

ಎಂಟರಷ್ಟಕ್ಕೆ ಮೊದಲು 536ರ ಆರರಷ್ಟನ್ನೂ, 3216 ಬೈಟನ್ನು, ನೋಡಿದರು. ರಾತ್ರಿ ಚೆನ್ನಾಗಿತ್ತು. ಸಂಜೆ ಹಾದಿ ತುಂಬಿ ಹೋಗಿ ಬರುವ ಸಮಯ 1.1 ಸೆಕೆಂಡಿಗೆ ಏರಿದಾಗ ಡೌನ್‌ಲೋಡ್ ಸೆಕೆಂಡಿಗೆ 2900ಕ್ಕೆ ಕುಸಿಯಿತು. ಎಂಟು ಉಳಿಯಿತು. ಕೊನೆಗೆ ಒಳಗಿನ ಮೂರು ಕಂಪ್ಯೂಟರಿನಲ್ಲಿ ಮಾಡಿದ್ದು ಇಷ್ಟು:

– ರಿಜಿಸ್ಟ್ರಿಯ ಲೋಕಲ್ ಮಷೀನ್ ಭಾಗದಲ್ಲಿ ಸಿಸ್ಟಮ್, ಕರೆಂಟ್‌ಕಂಟ್ರೋಲ್‌ಸೆಟ್, ಸರ್ವೀಸಸ್, ಕ್ಲಾಸ್, ನೆಟ್‌ಟ್ರಾನ್ಸ್. ಅದರೊಳಗಿನ ನಾಲ್ಕಂಕಿಯ ಕೀಲಿಗಳಲ್ಲಿ ಡ್ರೈವರ್‌ಡೆಸ್ಕ್ ಎದುರು ಟಿಸಿಪಿ/ಐಪಿ ಎಂದಿರುವುದನ್ನು ಹುಡುಕಿ, ಮ್ಯಾಕ್ಸ್‌ಎಂಟಿಯು ಎಂಬ ಸ್ಟ್ರಿಂಗ್ ಸೇರಿಸಿ 576 ಎಂದು ಬರೆದದ್ದು. ಡಿವರ್ಡ್ ಮಾದರಿಯಲ್ಲಿ ಬರೆದರೆ ಹಿಡಿಯುವುದಿಲ್ಲ.

– ಅದೇ ಸರ್ವೀಸಸ್ ಅಡಿಯಲ್ಲಿ ವಿಎಕ್ಸ್‌ಡಿ, ಎಂಎಸ್‌ಟಿಸಿಪಿ. ಅಲ್ಲಿ ಡಿಫಾಲ್ಟ್‌ಆರ್‌ಸಿವಿವಿಂಡೋ ಎಂಬ ಸ್ಟ್ರಿಂಗ್, 4288.

ಬಾಗಿಲ ಕಂಪ್ಯೂಟರಿನಲ್ಲಿ ಪ್ಯಾಕೆಟ್ ಸೈಜನ್ನು ಆಟೋಮ್ಯಾಟಿಕ್‌ನಿಂದ ಸ್ಮಾಲ್‌ಗೆ ಕಟ್ಟಿಹಾಕಿದರು, ವಿಂಡೋವನ್ನು ಅಲ್ಲಿಯೂ 4288 ಮಾಡಿದರು.

ಆದದ್ದು, ಆಗದೇ ಉಳಿದದ್ದು

ಅಟ್ಯಾಚ್‌ಮೆಂಟ್ ನಿಲ್ಲುವುದು ಸಂಪೂರ್ಣ ಹೋಯಿತು. 60 ಕೆಬಿಯ ಬಯೋಡೇಟಾ ಇಪ್ಪತ್ತು ಸೆಕೆಂಡಿನ ಆಸುಪಾಸಿನಲ್ಲಿ ಏರತೊಡಗಿತು. ಒಬ್ಬರು ಫೈಲ್ ಇಳಿಸುವಾಗ ಪಿಂಗ್ 1.2 ಸೆಕೆಂಡ್, ಮೂವರು ಇಳಿಸುವಾಗ ಮೂರೂವರೆ. ಮೊದಲಿನ ಸರಿಸುಮಾರು ಅರ್ಧ. ಮೂರೂವರೆಯೂ ಚಾಟ್‌ಗೆ ಹೆಚ್ಚೇ. ವಿಂಡೋ ಪ್ರತಿ ಸಂಪರ್ಕಕ್ಕೂ ಬೇರೆ, ಬ್ರೌಸರ್ ಒಂದು ಪುಟಕ್ಕೆ ಒಂದಕ್ಕಿಂತ ಹೆಚ್ಚು ಸಂಪರ್ಕ ತೆರೆಯುತ್ತದೆ, ಹಾಗಾಗಿ ಸೆಟ್ಟಿಂಗಿನಿಂದ ಇದಕ್ಕಿಂತ ಇಳಿಸಲಾಗಲಿಲ್ಲ. ಮಾಲೀಕರು ಗೋಡೆಗೆ ಚೀಟಿ ಅಂಟಿಸಿದರು: ದೊಡ್ಡ ಫೈಲು ಬಾಗಿಲ ಕಂಪ್ಯೂಟರಿನಲ್ಲಿ ಮಾತ್ರ, ಒಂದು ಸಲಕ್ಕೆ ಒಂದೇ. ಚಾಟ್ ಹಿರಿಯರ ಮಟ್ಟಿಗೆ ಸರಿಹೋದದ್ದರಲ್ಲಿ ಆ ಚೀಟಿಯ ಪಾಲು ರಿಜಿಸ್ಟ್ರಿಯ ಪಾಲಿಗಿಂತ ಕಡಿಮೆಯಿಲ್ಲ.

ಅಟ್ಯಾಚ್‌ಮೆಂಟ್ ಏರುವ ಹೊತ್ತಿನಲ್ಲಿ ಚಾಟ್ ಎಳೆಯುವುದು ಹಾಗೇ ಉಳಿಯಿತು. ಏರಿಸುವಾಗ ಸಾಲಿನ ಉದ್ದವನ್ನು ತೀರ್ಮಾನಿಸುವುದು ಆಚೆಯ ಸರ್ವರಿನ ವಿಂಡೋ, ಇಲ್ಲಿಂದ ಅದನ್ನು ಮುಟ್ಟಲಾಗದು. ಇನ್ನೊಂದು ಅಡ್ಡ ಪರಿಣಾಮ ಒಂದು ವಾರದ ಮೇಲೆ ಕಂಡಿತು: ಡಿಟಿಪಿಯ ಪೇಜ್‌ಮೇಕರ್ ಕಡತಗಳನ್ನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ನಕಲಿಸುವುದು ನಿಧಾನವಾಯಿತು. ಹಬ್ಬಿನ ಮೇಲೂ ಅದೇ 576, ಅದೇ 4288 ನಡೆಯುತ್ತಿತ್ತು. ಕಡತ ಹಂಚಿಕೆಯನ್ನು ನೆಟ್‌ಬಿಯೂಐಗೆ (ಒಳಜಾಲಕ್ಕೆ ಮಾತ್ರ ಬಳಸುವ ಬೇರೊಂದು ಪದ್ಧತಿ) ಕಟ್ಟಿ, ಟಿಸಿಪಿ/ಐಪಿಯಿಂದ ಬಿಡಿಸಿದ ಮೇಲೆ ಅದು ಮೊದಲಿನಂತಾಯಿತು.

ಆಗಸ್ಟಿನ ಜಡಿಮಳೆಯಲ್ಲಿ ಲೈನು 21,600ಕ್ಕೆ ಇಳಿಯಿತು. ಆ ವೇಗಕ್ಕೆ ದಾರಿಯಲ್ಲಿ ಹಿಡಿಯುವುದು 2160 ಬೈಟ್, ಮೊದಲು ಬೈಸಿಕೊಂಡಿದ್ದ 2144 ಆಗ ಹೆಚ್ಚುಕಡಿಮೆ ಸರಿಯಾದ ಅಂಕಿ. ಬದಲಾಯಿಸೋಣವೇ ಎಂದು ಮಾಲೀಕರು ಕೇಳಿದಾಗ ತಂತ್ರಜ್ಞರು ಬೇಡ ಎಂದರು. 4288 ಉಳಿಸಿದರೆ ಒಂದು ಡೌನ್‌ಲೋಡಿಗೆ ಪಿಂಗ್ 1.6 ಸೆಕೆಂಡ್ ಆಗುತ್ತಿತ್ತು, ತಡೆದುಕೊಳ್ಳಬಹುದಾದಷ್ಟು. ಅದರ ಬದಲು ಮಾಡಿನ ಕೆಳಗಿನ ಜಾಯಿಂಟನ್ನು ಮತ್ತೊಮ್ಮೆ ಬಿಚ್ಚಿ ನೋಡಿದರು. ನೀರು ಇಳಿದಿತ್ತು.